ರಾತ್ರಿ ಎರಡು ಗಂಟೆಯ ಮಾತ್ರೆ: ಫಾರ್ಮಸಿಸ್ಟ್ ಮೇಡಂಗೆ ಕೇಳಿ

ಅಡ್ಮಿನ್ (ಭಾನುವಾರ, ಸಂಜೆ 7.30): ಎಲ್ಲರಿಗೂ ನಮಸ್ಕಾರ. ಗಂಟೆ ಲೆಕ್ಕದಲ್ಲಿ ಮಾತ್ರೆ ತಗೊಳ್ಳುವವರಿಗೆ ರಾತ್ರಿ ನಿದ್ದೆ ಕೆಡುತ್ತಿದೆ ಅಂತ ತುಂಬಾ ಜನ ಬರೆದಿದ್ದೀರಿ. 22 ವರ್ಷ ಆಸ್ಪತ್ರೆ ಫಾರ್ಮಸಿಯಲ್ಲಿ ಕೆಲಸ ಮಾಡಿರುವ ನಮ್ಮ ಮೇಡಂ ಇವತ್ತು ಉತ್ತರ ಕೊಡುತ್ತಾರೆ. ಒಬ್ಬರಿಗೆ ಒಂದು ಪ್ರಶ್ನೆ. ದಯವಿಟ್ಟು ಫಾರ್ವರ್ಡ್ ಹಾಕಬೇಡಿ.

ದಾವಣಗೆರೆ ಅಮ್ಮ: ಮೇಡಂ, ಮಗನಿಗೆ ಗಂಟಲು ನೋವು. ಅಮಾಕ್ಸಿಸಿಲಿನ್ ಆಂಟಿಬಯಾಟಿಕ್ ಎಂಟು ಗಂಟೆಗೊಂದು ಅಂತ ಬರೆದಿದ್ದಾರೆ. ಮಧ್ಯರಾತ್ರಿ ಎಬ್ಬಿಸಬೇಕಾ?

ಫಾರ್ಮಸಿಸ್ಟ್: ಬೇಡಮ್ಮ. ಬೆಳಿಗ್ಗೆ 6, ಮಧ್ಯಾಹ್ನ 2, ರಾತ್ರಿ 10. ಮಗು ಎಂಟು ಗಂಟೆ ನಿದ್ದೆ ಮಾಡಬಹುದು. ತಿಂಡಿ, ಊಟ, ಊಟ ಅಂತ 8, 1, 8ಕ್ಕೆ ಕೊಟ್ಟರೆ ರಾತ್ರಿ ಹನ್ನೆರಡು ಗಂಟೆ ಖಾಲಿ ಬೀಳುತ್ತದೆ. ಈ ಔಷಧಿ ರಕ್ತದಲ್ಲಿ ಸಾಕಷ್ಟು ಇದ್ದಷ್ಟು ಹೊತ್ತು ಮಾತ್ರ ಕೆಲಸ ಮಾಡುತ್ತದೆ. ಶಾಲೆಯಿಂದ ಬಂದ ಮೇಲೆ 3 ಗಂಟೆಗೆ ಕೊಟ್ಟರೂ ಪರವಾಗಿಲ್ಲ.

ಹಾಸನ ಸೊಸೆ: ನಮ್ಮ ಅತ್ತೆಗೆ ಕಾಲು ಊತ, ಹಾರ್ಟ್ ವೀಕ್. ಲಾಸಿಕ್ಸ್ 1-0-1, ಅಂದ್ರೆ ಬೆಳಿಗ್ಗೆ ಒಂದು, ರಾತ್ರಿ ಒಂದು. ರಾತ್ರಿ ನಾಲ್ಕು ಸಲ ಬಾತ್‌ರೂಮಿಗೆ ಏಳ್ತಾರೆ. ಮೊನ್ನೆ ಹೊಸಿಲು ಎಡವಿ ಬಿದ್ದರು. ನಿದ್ದೆಗೆ ಏನಾದರೂ ಹೇಳಿ.

ಫಾರ್ಮಸಿಸ್ಟ್: ಅವರಿಗೆ ಬೇಕಾಗಿರುವುದು ನಿದ್ದೆ ಮಾತ್ರೆ ಅಲ್ಲ. ಲಾಸಿಕ್ಸ್ ತಗೊಂಡ ಮೇಲೆ ಸುಮಾರು ಆರು ಗಂಟೆ ಮೂತ್ರ ಜಾಸ್ತಿ ಹೋಗುತ್ತದೆ. ರಾತ್ರಿ 9ಕ್ಕೆ ಕೊಟ್ಟರೆ ಬೆಳಗಿನ ಜಾವದವರೆಗೂ ಎದ್ದೇಳುತ್ತಾರೆ. ಎರಡನೇ ಮಾತ್ರೆಯನ್ನು ಮಧ್ಯಾಹ್ನ 2ಕ್ಕೆ ಹಾಕಬಹುದಾ ಅಂತ ನಾಳೆಯೇ ಡಾಕ್ಟರ್‌ಗೆ ಫೋನ್ ಮಾಡಿ. 1-0-1 ಅಂತ ಕೈ ರೂಢಿಯಲ್ಲಿ ಬರೆದುಬಿಡುತ್ತಾರೆ. ಬಿದ್ದದ್ದನ್ನೂ ಹೇಳಿ. ಹೊಸಿಲ ಹತ್ತಿರ ರಾತ್ರಿ ಒಂದು ದೀಪ ಉರಿಯಲಿ.

ಹುಬ್ಬಳ್ಳಿ ಹುಡುಗ: ಮೇಡಂ, ನನಗ ಪ್ರೆಡ್ನಿಸೋಲೋನ್ ಕೊಟ್ಟಾರ. ದಿನಕ್ಕ ಮೂರು ಗುಳಿಗಿ, ಮೂರೂ ಹೊತ್ತು ಒಂದೊಂದು ತಗೋತೀನಿ. ರಾತ್ರಿ ಕಣ್ಣು ಮುಚ್ಚಾಂಗಿಲ್ಲ.

ಫಾರ್ಮಸಿಸ್ಟ್: ಇದು ಸ್ಟೀರಾಯ್ಡ್. ನಮ್ಮ ದೇಹ ಇದೇ ಥರದ ಹಾರ್ಮೋನನ್ನು ಬೆಳಗಿನ ಜಾವ ಹೆಚ್ಚು ಸುರಿಸಿ ನಮ್ಮನ್ನು ಎಬ್ಬಿಸುತ್ತದೆ. ನೀವು ರಾತ್ರಿ ತಗೊಂಡರೆ ದೇಹಕ್ಕೆ ಬೆಳಗಾಯಿತು ಅನ್ನಿಸುತ್ತದೆ. ಮೂರನ್ನೂ ಬೆಳಿಗ್ಗೆ ತಿಂಡಿ ಆದ ಮೇಲೆ ಒಟ್ಟಿಗೆ ತಗೊಳ್ಳಬಹುದಾ ಅಂತ ಬರೆದುಕೊಟ್ಟವರನ್ನು ಕೇಳಿ. ನಿದ್ದೆ ಬರಲ್ಲ ಅಂತ ನೀವಾಗಿ ನಿಲ್ಲಿಸಬೇಡಿ. ಇದನ್ನು ಥಟ್ಟನೆ ಬಿಡುವಂತಿಲ್ಲ.

ಮಂಡ್ಯ ಅಂಕಲ್: ಆಂಟಿಬಯಾಟಿಕ್ ದಿನಕ್ಕೆ ಮೂರು ಸಲ, ರಾತ್ರಿ ಎದ್ದು ತಗೊಳ್ಬೇಕಾ?

ಫಾರ್ಮಸಿಸ್ಟ್: ಮೊದಲನೇ ಉತ್ತರ ನೋಡಿ.

ತುಮಕೂರು ಮಗಳು (8.25): ಮೇಡಂ, ಸ್ವಲ್ಪ ದೊಡ್ಡದು ಬರೀತೀನಿ, ಕ್ಷಮಿಸಿ. ಅಪ್ಪನಿಗೆ 68. ಬಾಯಿ ಕ್ಯಾನ್ಸರ್. ನೋವಿಗೆ ಮಾರ್ಫಿನ್ 10 ಮಿಲಿಗ್ರಾಂ, ನಾಲ್ಕು ಗಂಟೆಗೊಂದು. ಬೆಳಿಗ್ಗೆ 6ರಿಂದ ಶುರು, ರಾತ್ರಿ 2ಕ್ಕೂ ಅಲಾರಾಂ. ಒಂದು ತಿಂಗಳಾಯ್ತು, ನಾನು ಮೂರು ಗಂಟೆ ಒಟ್ಟಿಗೆ ಮಲಗಿಲ್ಲ. ಅಪ್ಪ 2ಕ್ಕೆ ಎದ್ದರೆ ಮತ್ತೆ ನಿದ್ದೆ ಹತ್ತಲ್ಲ, ಬೆಳಗಾಗುವವರೆಗೂ ಸೂರು ನೋಡ್ತಾ ಮಲಗಿರ್ತಾರೆ. ಗುರುವಾರದಿಂದ ಪಕ್ಕದ ಮನೆಯವರು ತಗೊಳ್ಳುವ ಅಲ್ಪ್ರಾಜೋಲಾಮ್ ಅನ್ನೋ ನಿದ್ದೆ ಮಾತ್ರೆ ರಾತ್ರಿ ಅರ್ಧ ಕೊಡ್ತಿದ್ದೀನಿ. ಮೆಡಿಕಲ್‌ನವರು ಚೀಟಿ ಕೇಳಲಿಲ್ಲ. ನಿನ್ನೆಯಿಂದ ಹಗಲೂ ಮಲಗೇ ಇರ್ತಾರೆ. ಇವತ್ತು ಗಂಜಿ ಕುಡಿಸುವಾಗ ಗಂಜಿ ಬಾಯಲ್ಲಿಟ್ಟುಕೊಂಡೇ ನಿದ್ದೆಗೆ ಜಾರಿದರು. ಕೈ ಬೆರಳು ಆಗಾಗ ಜಗ್ ಅಂತ ಎಳೆಯುತ್ತೆ. ಹೇಗೂ ಮಲಗಿರ್ತಾರಲ್ಲ, 2 ಗಂಟೆಯದು ಬಿಡಬಹುದಾ?

ಫಾರ್ಮಸಿಸ್ಟ್ (8.28): ಮಗಳೇ, ಉಳಿದದ್ದು ಆಮೇಲೆ. ಈಗಲೇ ಅಪ್ಪನ ಎದೆ ನೋಡುತ್ತಾ ಗಡಿಯಾರ ಹಿಡಿದು ಪೂರ್ತಿ ಒಂದು ನಿಮಿಷ ಉಸಿರು ಎಣಿಸಿ. ಹೆಸರು ಹಿಡಿದು ಕರೆದರೆ ಕಣ್ಣು ಬಿಡುತ್ತಾರಾ? ಇವತ್ತು ಮೂತ್ರ ಎಷ್ಟು ಸಲ ಹೋಗಿದೆ? ಇಷ್ಟು ಬರೆಯಿರಿ.

ಮೈಸೂರು ಮೇಷ್ಟ್ರು: ಅಮ್ಮಾ ತಾಯಿ, ಇಂಗ್ಲಿಷ್ ನಿದ್ದೆ ಮಾತ್ರೆ ಯಾಕೆ? ಜಾಯಿಕಾಯಿ ತೇಯ್ದು ಹಾಲಿಗೆ ಹಾಕಿ ಕೊಡಿ. ನಮ್ಮ ಮನೆಯಲ್ಲಿ ಮೂರು ತಲೆಮಾರಿನಿಂದ ಇದೇ.

ಕುಂದಾಪುರದವರು: ಜಾಯಿಕಾಯಿಗಿಂತ ಗಸಗಸೆ ಪಾಯಸ ಒಳ್ಳೆಯದು. ತಂಪು ಕೂಡ.

ಮೈಸೂರು ಮೇಷ್ಟ್ರು: ಗಸಗಸೆ ಹಬ್ಬಕ್ಕೆ ಸರಿ. ಔಷಧಿ ಅಂದ್ರೆ ಜಾಯಿಕಾಯಿ.

ದುಬೈ ಕನ್ನಡಿಗ: ಇಲ್ಲಿ ಗಸಗಸೆ ತರುವುದೇ ನಿಷೇಧ, ಗೊತ್ತಲ್ವಾ? ಊರಿಂದ ಬರುವವರು ಬ್ಯಾಗಲ್ಲಿ ಇಟ್ಕೊಂಡು ಸಿಕ್ಕಿಹಾಕ್ಕೊಳ್ಳಬೇಡಿ. ಅಫೀಮು ಬರುವುದು ಅದೇ ಗಿಡದಿಂದ.

ಕುಂದಾಪುರದವರು: ಹಾಗಾದ್ರೆ ನಮ್ಮಜ್ಜಿ ಅಫೀಮು ಕೊಡ್ತಿದ್ರಾ? ಮಾತು ನೋಡಿಕೊಂಡು ಆಡಿ.

ದುಬೈ ಕನ್ನಡಿಗ: ನಾನು ಅಜ್ಜಿ ಬಗ್ಗೆ ಎಲ್ಲಿ ಹೇಳಿದೆ? ಇಲ್ಲಿಯ ಕಾನೂನು ಹೇಳಿದೆ ಅಷ್ಟೇ.

ತುಮಕೂರು ಮಗಳು (8.34): ಒಂಬತ್ತು ಸಲ ಮೇಡಂ. ಎರಡು ಸಲ ಎಣಿಸಿದೆ. ಕರೆದರೆ ಕಣ್ಣು ಬಿಡಲ್ಲ, ಭುಜ ಅಲುಗಾಡಿಸಿದರೆ ಬಿಡ್ತಾರೆ, ಮತ್ತೆ ಮುಚ್ತಾರೆ. ಮೂತ್ರ ಬೆಳಿಗ್ಗೆ ಒಂದು ಸಲ, ಸ್ವಲ್ಪ. ಕಣ್ಣಿನ ಕಪ್ಪು ಚುಕ್ಕೆ ತುಂಬಾ ಸಣ್ಣಗಿದೆ ಅಂತ ಅಮ್ಮ ಹೇಳ್ತಿದ್ದಾರೆ.

ಫಾರ್ಮಸಿಸ್ಟ್ (8.36): 108ಕ್ಕೆ ಈಗಲೇ ಫೋನ್ ಮಾಡಿ. ಮಾರ್ಫಿನ್ ಜೊತೆ ಅಲ್ಪ್ರಾಜೋಲಾಮ್ ಕೊಟ್ಟಿದ್ದೀವಿ, ಉಸಿರು ನಿಮಿಷಕ್ಕೆ 9 ಅಂತ ಮೊದಲನೇ ಮಾತಿನಲ್ಲೇ ಹೇಳಿ. ಮಾರ್ಫಿನ್ ಬರೆದ ಡಾಕ್ಟರ್‌ಗೆ ಅಮ್ಮ ಇನ್ನೊಂದು ಫೋನಿನಿಂದ ಮಾಡಲಿ. 10 ಗಂಟೆಯ ಮಾರ್ಫಿನ್ ಡಾಕ್ಟರ್ ಹೇಳುವವರೆಗೂ ಕೊಡಬೇಡಿ. ನಿದ್ದೆ ಮಾತ್ರೆ ಇನ್ನು ಬೇಡವೇ ಬೇಡ. ಬಾಯಿಗೆ ನೀರು, ಗಂಜಿ ಏನೂ ಹಾಕಬೇಡಿ. ಒಂದು ಪಕ್ಕಕ್ಕೆ ತಿರುಗಿಸಿ ಮಲಗಿಸಿ, ಮಾತಾಡಿಸುತ್ತಾ ಇರಿ. ಎರಡೂ ಮಾತ್ರೆಯ ಸ್ಟ್ರಿಪ್ ಚೀಲಕ್ಕೆ ಹಾಕಿಕೊಳ್ಳಿ. ನೀವು ಮಾಡಿದ್ದು ಅಪ್ಪನಿಗೆ ನಿದ್ದೆ ಬರಲಿ ಅಂತ. ಅದನ್ನು ಆಮೇಲೆ ಯೋಚಿಸೋಣ.

ತುಮಕೂರು ಮಗಳು (8.41): ಮಾಡಿದೆ. ಬರ್ತಿದ್ದಾರೆ.

ಫಾರ್ಮಸಿಸ್ಟ್ (8.50): ಮೇಷ್ಟ್ರೇ, ಕುಂದಾಪುರದವರೇ, ದಯವಿಟ್ಟು ಮೇಲೆ ಹೋಗಿ ಸಮಯ ನೋಡಿ. ಒಬ್ಬ ಹೆಣ್ಣುಮಗಳು ತಂದೆಯ ಉಸಿರು ಎಣಿಸುತ್ತಿದ್ದಾಗ ನೀವು ಪಾಯಸ ಮಾತಾಡುತ್ತಿದ್ದಿರಿ. ಆ ಪೇಷಂಟ್ ಗಂಜಿಯನ್ನೇ ನುಂಗುತ್ತಿಲ್ಲ. ಅವರ ಬಾಯಿಗೆ ಹಾಲು ಹೊಯ್ದರೆ ಶ್ವಾಸಕ್ಕೆ ಹೋಗುತ್ತದೆ. ಜಾಯಿಕಾಯಿ ಸಾರಿಗೆ, ಸಿಹಿಗೆ ಚಿಟಿಕೆ ಹಾಕುವುದು ಬೇರೆ. ನಿದ್ದೆ ಬರಲಿ ಅಂತ ಹೆಚ್ಚು ತೇಯ್ದು ಕೊಟ್ಟರೆ ಎದೆ ಬಡಿತ ಏರುತ್ತದೆ, ಇಲ್ಲದ್ದು ಕಾಣಿಸುತ್ತದೆ. ಮಾರ್ಫಿನ್ ತಗೊಳ್ಳುವವರಿಗೆ ನಿದ್ದೆಯ ಹೆಸರಿನಲ್ಲಿ ಮನೆಯದ್ದಾಗಲಿ, ಅಂಗಡಿಯದ್ದಾಗಲಿ, ಏನನ್ನೂ ಸೇರಿಸಬೇಡಿ.

ಯಾಕೆ ಅಂತ ಬರೆಯುತ್ತೇನೆ, ಉಳಿದವರಿಗೂ ಬೇಕಾಗುತ್ತದೆ. ಮಾರ್ಫಿನ್ ಒಳ್ಳೆಯ ಔಷಧಿ. ಸರಿಯಾಗಿ ಕೊಟ್ಟರೆ ನೋವಿರುವವರು ಕೂತು ಊಟ ಮಾಡುತ್ತಾರೆ, ಮೊಮ್ಮಕ್ಕಳ ಜೊತೆ ಮಾತಾಡುತ್ತಾರೆ. ಶುರು ಮಾಡಿದ ಮೊದಲ ಎರಡು ಮೂರು ದಿನ ಜೊಂಪು ಇರುತ್ತದೆ, ಎಷ್ಟೋ ದಿನದ ನಿದ್ದೆ ಬಾಕಿ ಇರುತ್ತದೆ. ಅದಕ್ಕೆ ಹೆದರಬೇಡಿ. ಆದರೆ ವಾರಗಟ್ಟಲೆ ಚೆನ್ನಾಗಿದ್ದವರು ಇದ್ದಕ್ಕಿದ್ದಂತೆ ಹಗಲೂ ಮಲಗಿದರೆ, ಕೈಕಾಲು ಜಗ್ಗಿದರೆ, ಅದು ನಿದ್ದೆ ಅಲ್ಲ. ಮಾರ್ಫಿನ್ ಮೈಯಿಂದ ಹೊರಗೆ ಹೋಗಬೇಕಾದದ್ದು ಕಿಡ್ನಿಯಿಂದ. ನೀರು ಕಡಿಮೆ ಕುಡಿದು, ಮೂತ್ರ ಕಡಿಮೆಯಾದರೆ ಒಳಗೇ ಕೂಡಿಕೊಳ್ಳುತ್ತದೆ. ಅದರ ಮೇಲೆ ಅಲ್ಪ್ರಾಜೋಲಾಮ್ ಬಿದ್ದರೆ ಉಸಿರನ್ನು ಎರಡೂ ಸೇರಿ ಒತ್ತುತ್ತವೆ. ಈ ಮಾತ್ರೆಯನ್ನು ಚೀಟಿ ಇಲ್ಲದೆ ಮಾರುವಂತಿಲ್ಲ. ಹಾಗೆ ಮಾರಿದವರ ಮೇಲೆ ನನಗೆ ತುಂಬಾ ಸಿಟ್ಟಿದೆ.

ಚಿಕ್ಕಮಗಳೂರು ಗೆಳತಿ: ಮೇಡಂ, ನಮ್ಮ ಅಮ್ಮನಿಗೂ ನಾಲ್ಕು ಗಂಟೆಗೊಮ್ಮೆ ಮಾರ್ಫಿನ್. ಎಚ್ಚರವಾಗಿ ಚೆನ್ನಾಗಿದ್ದಾರೆ. 2 ಗಂಟೆಗೆ ಏಳಲೇಬೇಕಾ?

ಫಾರ್ಮಸಿಸ್ಟ್: ಏಳದೇ ಇರುವ ದಾರಿ ಇದೆ. 6, 10, 2, 6 ಒಂದೊಂದು ಡೋಸ್, ರಾತ್ರಿ 10ಕ್ಕೆ ಎರಡರಷ್ಟು, 2 ಗಂಟೆಯದು ಇಲ್ಲ. ದೊಡ್ಡ ಕಾಯಿಲೆಯವರ ನೋವು, ನರಳಾಟ ಇಳಿಸುವ ಪ್ಯಾಲಿಯೇಟಿವ್ ಕೇರ್ ಡಾಕ್ಟರ್‌ಗಳು ಹೀಗೆ ಬರೆದುಕೊಡುವುದುಂಟು, ಪೇಷಂಟೂ ಮನೆಯವರೂ ಮಲಗಲಿ ಅಂತಲೇ. ಆದರೆ ಬರೆಯಬೇಕಾದವರು ಅವರು. ಕಿಡ್ನಿ, ವಯಸ್ಸು, ಬೇರೆ ಮಾತ್ರೆ ನೋಡಿ ಬರೆಯುತ್ತಾರೆ. ನನ್ನ ಈ ಉತ್ತರ ನೋಡಿಕೊಂಡು ಇವತ್ತು ರಾತ್ರಿ ಎರಡು ಮಾತ್ರೆ ಕೊಡಬೇಡಿ. 12 ಗಂಟೆಗೊಮ್ಮೆ ತಗೊಳ್ಳುವ, ಔಷಧಿಯನ್ನು ನಿಧಾನವಾಗಿ ಬಿಡುವ ಮಾರ್ಫಿನ್ ಮಾತ್ರೆಯೂ ಇದೆ. ಅದನ್ನು ಮುರಿಯಬಾರದು, ಪುಡಿ ಮಾಡಬಾರದು. ಇನ್ನೊಂದು ಮಾತು. ಮಾರ್ಫಿನ್ ಇರುವಷ್ಟು ದಿನವೂ ಮಲಬದ್ಧತೆ ಇರುತ್ತದೆ. ಮಲ ಸಡಿಲವಾಗುವ ಔಷಧಿ ಬರೆದಿದ್ದರೆ ಅದನ್ನು ತಪ್ಪಿಸಬೇಡಿ. ಹೊಟ್ಟೆ ಕಟ್ಟಿದವರು ನಿದ್ದೆ ಮಾಡಲ್ಲ.

ಬೆಂಗಳೂರು ನೈಟ್ ಶಿಫ್ಟ್: ಮೇಡಂ, ಥೈರಾಯ್ಡ್ ಮಾತ್ರೆ ಬೆಳಿಗ್ಗೆ ಖಾಲಿ ಹೊಟ್ಟೆಗೆ ಅಂತಾರೆ. ನನಗೆ ಬೆಳಿಗ್ಗೆ ಅಂದ್ರೆ ಮಲಗುವ ಹೊತ್ತು. ಏನು ಮಾಡಲಿ?

ಶಿರಸಿ ತೋಟದ ಮನೆ: ಯಜಮಾನರಿಗೆ ಅಡಿಕೆ ಕೊಯ್ಲಿನಲ್ಲಿ ಕಣ್ಣಿಗೆ ಕಸ ಬಿದ್ದು ಹುಣ್ಣಾಗಿದೆ. ಫಂಗಸ್ ಅಂದರು. ನಾಟಮೈಸಿನ್ ಡ್ರಾಪ್ಸ್ ಗಂಟೆಗೊಮ್ಮೆ, ರಾತ್ರಿಯೂ ಅಂತ ಬರೆದಿದ್ದಾರೆ. ಪಾಪ, ಈಗಷ್ಟೇ ಮಲಗಿದ್ದಾರೆ. ಎಬ್ಬಿಸಲು ಮನಸ್ಸು ಬರ್ತಿಲ್ಲ.

ಫಾರ್ಮಸಿಸ್ಟ್: ಡ್ರಾಪ್ಸ್ ತಪ್ಪಿಸಬೇಡಿ. ಇಲ್ಲಿಯವರೆಗೂ ಎಲ್ಲರಿಗೂ ನಿದ್ದೆ ಉಳಿಸುವ ದಾರಿ ಹೇಳಿದೆ. ನಿಮಗೆ ಹೇಳಲ್ಲ. ಮೊದಲ ಕೆಲವು ದಿನ ಫಂಗಸ್ ಒಳಗೆ ಇಳಿಯದ ಹಾಗೆ ತಡೆಯಬೇಕು, ದೃಷ್ಟಿ ಅದರ ಮೇಲೆ ನಿಂತಿದೆ. ಆದರೆ ಅವರು ಎದ್ದು ಕೂರಬೇಕಾಗಿಲ್ಲ. ಕೈ ತೊಳೆದುಕೊಳ್ಳಿ, ಸೀಸೆ ಚೆನ್ನಾಗಿ ಅಲುಗಿಸಿ, ಔಷಧಿ ತಳದಲ್ಲಿ ಕೂತಿರುತ್ತದೆ. ಮಲಗಿದಲ್ಲೇ ಕೆಳ ರೆಪ್ಪೆ ಮೆಲ್ಲಗೆ ಎಳೆದು ಒಂದು ಹನಿ ಬಿಡಿ. ಸೀಸೆಯ ಮೂತಿ ಕಣ್ಣಿಗೆ ತಾಗಬಾರದು. ಬೇರೆ ಡ್ರಾಪ್ಸ್ ಇದ್ದರೆ ಐದು ನಿಮಿಷ ಬಿಟ್ಟು ಹಾಕಿ. ಮನೆಯಲ್ಲಿ ಇನ್ನೊಬ್ಬರು ಇದ್ದರೆ ಪಾಳಿ ಮಾಡಿಕೊಳ್ಳಿ, 10ರಿಂದ 2 ಒಬ್ಬರು, 2ರಿಂದ 6 ಇನ್ನೊಬ್ಬರು. ಕಣ್ಣಿನ ಡಾಕ್ಟರ್ ಹುಣ್ಣು ನೋಡಿ ಅಂತರ ಜಾಸ್ತಿ ಮಾಡುತ್ತಾರೆ. ಅವರು ಹೇಳುವವರೆಗೂ ಹೀಗೇ ನಡೆಯಲಿ.

ಸಾಗರದ ಅಣ್ಣ: ನಂದಿಬಟ್ಟಲು ಹೂವಿನ ರಸ ಎರಡು ಹನಿ ಬಿಟ್ಟರೆ ರಾತ್ರಿ ಪೂರ್ತಿ ತಂಪಾಗಿ ನಿದ್ದೆ ಬರುತ್ತೆ. ಈ ಮೆಸೇಜ್ ಹತ್ತು ಜನರಿಗೆ ಕಳಿಸಿ.

ಫಾರ್ಮಸಿಸ್ಟ್: ಯಾರಿಗೂ ಕಳಿಸಬೇಡಿ. ಹುಣ್ಣಾದ ಕಣ್ಣಿಗೆ ಹೂವಿನ ರಸ, ಜೇನುತುಪ್ಪ, ಎದೆಹಾಲು, ಹರಳೆಣ್ಣೆ ಒಂದೂ ಬೇಡ. ಕ್ರಿಮಿ ಇರುವ ಜಾಗಕ್ಕೆ ಇನ್ನಷ್ಟು ಕ್ರಿಮಿ ಹಾಕಿದ ಹಾಗೆ. ಕೆಂಪು ಕಣ್ಣಿಗೆ ಅಂತ ಮೆಡಿಕಲ್‌ನಲ್ಲಿ ಸಿಗುವ ಸ್ಟೀರಾಯ್ಡ್ ಡ್ರಾಪ್ಸ್ ಇನ್ನೂ ಅಪಾಯ. ಕೆಂಪು ಇಳಿಯುತ್ತದೆ, ಒಳಗೆ ಫಂಗಸ್ ಬೆಳೆಯುತ್ತದೆ. ಹೀಗೆ ಕಣ್ಣು ಕಳೆದುಕೊಂಡು ಬಂದವರಿಗೆ ನಾನೇ ಕೌಂಟರ್‌ನಲ್ಲಿ ಔಷಧಿ ಕೊಟ್ಟಿದ್ದೇನೆ.

ಸಾಗರದ ಅಣ್ಣ: ಒಳ್ಳೆಯ ಮನಸ್ಸಿನಿಂದ ಹಾಕಿದೆ. ಇಷ್ಟು ಸಿಟ್ಟು ಬೇಕಾ? ನಮ್ಮ ಹಿರಿಯರಿಗೆ ಏನೂ ಗೊತ್ತಿರಲಿಲ್ವಾ?

ಶಿರಸಿ ತೋಟದ ಮನೆ: ಅಣ್ಣಾ, ಬಿಡಿ. ನಾವು ಮೊದಲು ಆ ರಸ ಹಾಕಿಯೇ ನಾಲ್ಕು ದಿನ ತಡ ಮಾಡಿದ್ದು.

ಉಡುಪಿ ಕೃಷಿಕ: ಇಲಿ ಜ್ವರಕ್ಕೆ ಡಾಕ್ಸಿಸೈಕ್ಲಿನ್ ಕೊಟ್ಟಿದ್ದಾರೆ. ರಾತ್ರಿ ತಗೊಂಡು ಮಲಗಿದರೆ ಎದೆ ಮಧ್ಯೆ ಉರಿ, ನುಂಗಿದರೆ ನೋವು.

ಫಾರ್ಮಸಿಸ್ಟ್: ಒಂದು ಗುಟುಕು ನೀರಲ್ಲಿ ನುಂಗಿ ತಕ್ಷಣ ಮಲಗುತ್ತಿದ್ದೀರಿ, ಅಲ್ವಾ? ಮಾತ್ರೆ ಅನ್ನನಾಳದಲ್ಲೇ ಅಂಟಿ ಸುಡುತ್ತದೆ. ಊಟದ ಜೊತೆ, ದೊಡ್ಡ ಲೋಟ ತುಂಬಾ ನೀರು, ಆಮೇಲೆ ಕನಿಷ್ಠ ಅರ್ಧ ಗಂಟೆ ಕೂತಿರಿ. ಕೋರ್ಸ್ ಅರ್ಧಕ್ಕೆ ಬಿಡಬೇಡಿ. ನುಂಗುವಾಗ ನೋವು ಈಗಾಗಲೇ ಇರುವುದರಿಂದ ನಾಳೆ ಡಾಕ್ಟರ್‌ಗೆ ತಿಳಿಸಿ.

ಕೋಲಾರ ಟೀಚರ್: ನಮ್ಮವರ ಗೊರಕೆಗೆ ಏನಾದರೂ ಮಾತ್ರೆ ಇದೆಯಾ ಮೇಡಂ?

ರಾಮನಗರ ತಮ್ಮ: ಆಂಟಿಬಯಾಟಿಕ್ ಎಂಟು ಗಂಟೆಗೊಂದು, ರಾತ್ರಿ ಅಲಾರಾಂ ಇಡಬೇಕಾ?

ಫಾರ್ಮಸಿಸ್ಟ್: 6, 2, 10. ಮೂರನೇ ಸಲ ಬರೆಯುತ್ತಿದ್ದೇನೆ.

ಮೈಸೂರು ಮೇಷ್ಟ್ರು: ಕೇಳಿದವರಿಗೆ ಹೀಗೆ ಮುಖಕ್ಕೆ ಹೊಡೆದ ಹಾಗೆ ಉತ್ತರ ಕೊಟ್ಟರೆ ಇನ್ಯಾರು ಕೇಳ್ತಾರೆ? ಮೇಡಂ ಅಂದ ಮಾತ್ರಕ್ಕೆ ಎಲ್ಲ ನುಂಗಿಕೊಳ್ಳಬೇಕಾ?

ಹಾಸನ ಸೊಸೆ: ಮೇಷ್ಟ್ರೇ, ಸುಮ್ನೆ ಇರಿ. ಭಾನುವಾರ ರಾತ್ರಿ ಅವರು ಮನೆ ಕೆಲಸ ಬಿಟ್ಟು ಕೂತಿದ್ದಾರೆ.

ಮೈಸೂರು ಮೇಷ್ಟ್ರು: ನಿಮ್ಮನ್ನು ಕೇಳಲಿಲ್ಲಮ್ಮ.

ಅಡ್ಮಿನ್ (10.15): ಇವತ್ತಿಗೆ ಸಾಕು, ಬೇರೆಯವರು ಬರೆಯಬೇಡಿ. ತುಮಕೂರಿನವರ ಸುದ್ದಿಗೆ ಮಾತ್ರ ಇದು ತೆರೆದಿರುತ್ತದೆ.

ತುಮಕೂರು ಮಗಳು (11.50): ಆಸ್ಪತ್ರೆಯಲ್ಲಿದ್ದೀವಿ. ಆಕ್ಸಿಜನ್, ಡ್ರಿಪ್ ಹಾಕಿದ್ದಾರೆ. ಅಪ್ಪ ನನ್ನ ಹೆಸರು ಕರೆದರು.

ಫಾರ್ಮಸಿಸ್ಟ್ (11.51): ಸರಿ ಮಗಳೇ. ನೀವೂ ಬೆಂಚಿನ ಮೇಲೆ ಸ್ವಲ್ಪ ಒರಗಿಕೊಳ್ಳಿ.

ತುಮಕೂರು ಮಗಳು (ಶನಿವಾರ, ಬೆಳಿಗ್ಗೆ 7.05): ಮೇಡಂ, ಗುರುವಾರ ಮನೆಗೆ ಬಂದ್ವಿ. ಕಿಡ್ನಿ ಸ್ವಲ್ಪ ವೀಕ್ ಆಗಿತ್ತಂತೆ. ಮಾರ್ಫಿನ್ ಅರ್ಧಕ್ಕೆ ಇಳಿಸಿದ್ದಾರೆ, ಆರು ಗಂಟೆಗೊಂದು. ಬೆಳಿಗ್ಗೆ 5, 11, ಸಂಜೆ 5, ರಾತ್ರಿ 11. ಮಧ್ಯೆ ನೋವು ಬಂದರೆ ಯಾವಾಗ ಎಷ್ಟು ಕೊಡಬೇಕು ಅಂತ ಬೇರೆ ಚೀಟಿಯಲ್ಲಿ ಬರೆದುಕೊಟ್ಟಿದ್ದಾರೆ. ಅದನ್ನು ಫ್ರಿಜ್ ಬಾಗಿಲಿಗೆ ಅಂಟಿಸಿದ್ದೀನಿ. ನಿನ್ನೆ ರಾತ್ರಿ 11ಕ್ಕೆ ಕೊಟ್ಟು ಅಪ್ಪ, ಅಮ್ಮ, ನಾನು ಮೂರೂ ಜನ ಮಲಗಿದ್ವಿ. ಬೆಳಿಗ್ಗೆ ಅಲಾರಾಂಗಿಂತ ಮೊದಲೇ ಅಪ್ಪ ಎದ್ದು ಕಾಫಿ ಕೇಳಿದರು. ಉಸಿರು ಎಣಿಸಿದೆ, 16.

ಫಾರ್ಮಸಿಸ್ಟ್ (7.12): ತುಂಬಾ ಸಂತೋಷ ಆಯಿತು. ಕಾಫಿ ಕೊಡಿ, ಕೂರಿಸಿ ಸ್ವಲ್ಪ ಸ್ವಲ್ಪವಾಗಿ ಕುಡಿಸಿ. ಮಲ ಹೋಗಿ ಎಷ್ಟು ದಿನ ಆಯಿತು, ಅದನ್ನು ಬರೆದಿಲ್ಲ ನೀವು.