ತೂಕ ಅಷ್ಟೇ ಇದೆ, ಲಂಗದ ಲಾಡಿ ಮಾತ್ರ ಸಾಲುತ್ತಿಲ್ಲ

ಕೇಳಿದವರು:
ಅಕ್ಕನಿಗೆ 48. ಮುಟ್ಟು ಎರಡು-ಮೂರು ತಿಂಗಳಿಗೊಮ್ಮೆ ಬರ್ತಿದೆ. ತೂಕ ಮೊದಲಿನ ಹಾಗೇ 58 ಕಿಲೋ, ಆದ್ರೆ ಹೊಟ್ಟೆ ಬಂದಿದೆ, ಕೈಕಾಲು ಸಣ್ಣ ಆಗಿವೆ. ದಿನಕ್ಕೆ ಆರೇಳು ಸಿಗರೇಟು. ಬಿಟ್ರೆ ಇನ್ನೂ ದಪ್ಪ ಆಗ್ತೀನಿ ಅಂತಾಳೆ. ರಾತ್ರಿ ಊಟ ಬಿಟ್ಟು ಹಣ್ಣು ತಿಂತಾಳೆ. ಏನು ಬದಲಿಸಬೇಕು? ತಿಳಿದವರು ಹೇಳಿ.

ಆಹಾರತಜ್ಞೆ:
ಮೊದಲು ತೂಕದ ಯಂತ್ರ ಪಕ್ಕಕ್ಕಿಡಿ. ಮುಟ್ಟು ನಿಲ್ಲುವ ಹೊತ್ತಿಗೆ ಈಸ್ಟ್ರೋಜನ್ (ಹೆಣ್ಣಿನ ಹಾರ್ಮೋನ್) ಇಳಿದ ಹಾಗೆ ತೊಡೆ, ಪಿರ್ರೆಗೆ ಹೋಗುತ್ತಿದ್ದ ಕೊಬ್ಬು ಹೊಟ್ಟೆಯೊಳಗೆ ಸೇರುತ್ತೆ, ಜೊತೆಗೇ ಸ್ನಾಯು ಕರಗುತ್ತೆ. ಒಂದು ಏರಿ ಇನ್ನೊಂದು ಇಳಿದರೆ ಕಿಲೋ ಅಲ್ಲೇ ನಿಲ್ಲುತ್ತೆ. ಟೇಪು ಹಿಡಿಯಿರಿ: ಕೊನೆಯ ಪಕ್ಕೆಲುಬು ಮತ್ತು ಸೊಂಟದ ಮೂಳೆಯ ಮೇಲಂಚು, ಇವೆರಡರ ನಟ್ಟನಡುವೆ, ಉಸಿರು ಬಿಟ್ಟಾಗ. ಲಾಡಿ ಕಟ್ಟುವ ಜಾಗದಲ್ಲಲ್ಲ, ಅಲ್ಲಿ ಅಳೆದರೆ ಲೆಕ್ಕ ತಪ್ಪುತ್ತೆ. ನಮ್ಮ ಹೆಂಗಸರಿಗೆ 80 ಸೆಂ.ಮೀ. ದಾಟಿದರೆ ಎಚ್ಚರ.

ರಾತ್ರಿ ಬರೀ ಹಣ್ಣು ತಿಂದರೆ ಪ್ರೋಟೀನ್ ಸಾಲದೆ ಸ್ನಾಯುವೂ ಕರಗುತ್ತೆ. 58 ಕಿಲೋಗೆ ದಿನಕ್ಕೆ ಸುಮಾರು 58 ಗ್ರಾಂ ಪ್ರೋಟೀನ್ ಇಟ್ಟುಕೊಳ್ಳಿ. (ಕಿಡ್ನಿ ತೊಂದರೆ ಇದ್ದರೆ ವೈದ್ಯರನ್ನು ಕೇಳದೆ ಬೇಡ.) ತಿಳಿಸಾರಿನಲ್ಲಿ ಅದು ಸಿಗಲ್ಲ, ತಲೆಗೆ 15 ಗ್ರಾಂ ಬೇಳೆ ಹಾಕಿದರೆ ಪ್ರೋಟೀನ್ 3 ಗ್ರಾಂ, ಅದರಲ್ಲೂ ಗಟ್ಟಿಯೆಲ್ಲ ಪಾತ್ರೆ ತಳದಲ್ಲಿ. ಹೀಗೆ ಮಾಡಿ: ಎರಡು ಹೊತ್ತಿಗೂ 30 ಗ್ರಾಂ ಬೇಳೆಯ ಗಟ್ಟಿ ಹುಳಿ (ಒಟ್ಟು 13 ಗ್ರಾಂ), 40 ಗ್ರಾಂ ಹೆಸರುಕಾಳು ಇಲ್ಲಾ ಹುರುಳಿ ಉಸಲಿ (9), ಎರಡು ಮೊಟ್ಟೆ (12), ಒಂದು ದೊಡ್ಡ ಲೋಟ ಹಾಲು (8), 200 ಗ್ರಾಂ ಮೊಸರು (6). ಉಳಿದದ್ದು ರಾಗಿ, ಅಕ್ಕಿಯಿಂದ. ಮುಟ್ಟು ನಿಂತ ಮೇಲೆ ಕ್ಯಾಲ್ಸಿಯಂ 1200 ಮಿ.ಗ್ರಾಂ ಬೇಕು, 100 ಗ್ರಾಂ ರಾಗಿಹಿಟ್ಟಿನ ಮುದ್ದೆಯಲ್ಲಿ 350ರ ಆಸುಪಾಸು. ಹಾಗಂತ ಮುದ್ದೆಗೆ ಲೆಕ್ಕ ಇಲ್ಲದೆ ಕೂರಬೇಡಿ, ಅದೂ ಪಿಷ್ಟವೇ.

ತಂಬಾಕು ಬಿಡಿಸುವ ಆಪ್ತಸಮಾಲೋಚಕಿ:
ಸಿಗರೇಟು ತೆಳ್ಳಗಿಡುತ್ತೆ ಅನ್ನೋದು ಅರ್ಧ ಸತ್ಯ. ಸೇದುವವರ ತೂಕ ಕಮ್ಮಿ ಇದ್ದರೂ ಹೊಟ್ಟೆಯ ಕೊಬ್ಬು ಜಾಸ್ತಿ, ಮೂಳೆ ಬೇಗ ಸವೆಯುತ್ತೆ, ಮುಟ್ಟೂ ಒಂದೆರಡು ವರ್ಷ ಮೊದಲೇ ನಿಲ್ಲುತ್ತೆ. ಬಿಟ್ಟಾಗ ಮೊದಲ ವರ್ಷ ಸರಾಸರಿ 4-5 ಕಿಲೋ ಏರೋದು ನಿಜ, ಹೆಚ್ಚಿನದು ಮೊದಲ ಮೂರು ತಿಂಗಳಲ್ಲಿ. ನಿಕೋಟಿನ್ ಹಸಿವನ್ನು ಅದುಮಿಟ್ಟಿರುತ್ತೆ, ಅದು ಹೋದರೆ ಹಸಿವು ಮರಳುತ್ತೆ. ಬಿಡುವ ವಾರದಲ್ಲೇ ಪಥ್ಯ ಶುರು ಮಾಡಿದರೆ ಎರಡೂ ಕೈಕೊಡುತ್ತವೆ.

ನಿಕೋಟಿನ್ ಗಮ್: ಎದ್ದ ಅರ್ಧ ಗಂಟೆಯೊಳಗೆ ಮೊದಲ ಸಿಗರೇಟು ಸೇದುವವರಿಗೆ 4 ಮಿ.ಗ್ರಾಂ, ಇಲ್ಲದಿದ್ದರೆ 2. ನಾಲ್ಕಾರು ಸಲ ಅಗಿದು ಚುರುಕ್ ಅಂದಾಗ ಕೆನ್ನೆ-ವಸಡಿನ ನಡುವೆ ಇಡಿ, ಚುರುಕು ಹೋದ ಮೇಲೆ ಮತ್ತೆ ಅಗಿಯಿರಿ. ಬಬಲ್‌ಗಮ್ ಥರ ಅಗಿದು ನುಂಗಿದರೆ ಬಿಕ್ಕಳಿಕೆ, ಎದೆಯುರಿ. ಹಿಂದಿನ 15 ನಿಮಿಷ ಕಾಫಿ ಬೇಡ, ಗಮ್ ಕೆಲಸ ಮಾಡಲ್ಲ.

ಕಾಫಿಯದ್ದು ಇನ್ನೊಂದು ಎಡವಟ್ಟು. ಹೊಗೆ ಕೆಫೀನನ್ನು ಬೇಗ ಕರಗಿಸುತ್ತಿರುತ್ತೆ. ಸಿಗರೇಟು ನಿಂತ ಮೇಲೆ ಅದೇ ಎರಡು ಲೋಟ ದುಪ್ಪಟ್ಟು ಏರುತ್ತೆ. ಎದೆ ಢವಢವ, ನಿದ್ದೆ ಇಲ್ಲ. ಮುಟ್ಟು ನಿಲ್ಲುವ ಲಕ್ಷಣ ಅಂದುಕೊಳ್ತಾರೆ. ಕಾಫಿ ಅರ್ಧಕ್ಕಿಳಿಸಿ. ಸಿಗರೇಟಿನ ಬದಲು ಎಲೆಅಡಿಕೆ-ಕಡ್ಡಿಪುಡಿಗೆ ದಾಟೋದಂತೂ ಬೇಡವೇ ಬೇಡ. ಸಹಾಯಕ್ಕೆ 1800-11-2356, ಉಚಿತ.

ವ್ಯಾಯಾಮ ಕಲಿಸುವವರು:
ವಾಕಿಂಗ್ ಒಳ್ಳೇದು, ಆದರೆ ಅದೊಂದರಿಂದ ತೋಳು ತುಂಬಲ್ಲ. ವಾರಕ್ಕೆ ಮೂರು ದಿನ: ಕೈ ಊರದೆ ಕುರ್ಚಿಯಿಂದ ಎದ್ದು ಕೂರೋದು 10 ಸಲ, ಮೂರು ಸುತ್ತು, ಗೋಡೆಗೆ ಕೈಯಿಟ್ಟು ದಂಡ, ಎರಡು ಲೀಟರ್ ನೀರಿನ ಬಾಟಲಿ ಎತ್ತೋದು. 12 ಸಲೀಸಾದರೆ ಭಾರ ಏರಿಸಿ, ಬರೀ ಎಣಿಕೆ ಅಲ್ಲ. ಮಂಡಿ ನೋವಿದ್ದರೆ ಎತ್ತರದ ಕುರ್ಚಿ.

ಸ್ತ್ರೀರೋಗ ವೈದ್ಯೆ:
ಥೈರಾಯ್ಡ್, ಸಕ್ಕರೆ ಒಮ್ಮೆ ನೋಡಿಸಿ. ಹಾರ್ಮೋನ್ ಮಾತ್ರೆ ಮಾತು ಬಂದರೆ ಸಿಗರೇಟಿನ ವಿಷಯ ಮುಚ್ಚಿಡಬೇಡಿ, ರಕ್ತ ಹೆಪ್ಪುಗಟ್ಟುವ ಅಪಾಯ ಇದೆ. ಪೂರ್ತಿ 12 ತಿಂಗಳು ನಿಂತ ಮೇಲೆ ಒಂದು ಹನಿ ರಕ್ತ ಕಂಡರೂ ತೋರಿಸಲೇಬೇಕು.

ಕೇಳಿದವರು:
ಎಲ್ಲರಿಗೂ ಧನ್ಯವಾದ. ಅಕ್ಕ ಮೊಟ್ಟೆ ಮುಟ್ಟಲ್ಲ.

ಆಹಾರತಜ್ಞೆ:
25 ಗ್ರಾಂ ಸೋಯಾ ಚಂಕ್ಸ್, ಸುಮಾರು 13 ಗ್ರಾಂ ಪ್ರೋಟೀನ್. ಬಿಸಿನೀರಲ್ಲಿ ನೆನೆಸಿ, ಎರಡು ಸಲ ಹಿಂಡಿ, ಆಮೇಲೆ ಪಲ್ಯಕ್ಕೆ ಹಾಕಿ. ಹಿಂಡದಿದ್ದರೆ ವಾಸನೆ ಹೋಗಲ್ಲ.