ಒಂದೇ ದಿನದಲ್ಲಿ ಹತ್ತಿ ಇಳಿಯಲು ಗಜೇಂದ್ರಗಡವೋ, ಕಪ್ಪತಗುಡ್ಡವೋ?

ಪ್ರಶ್ನೆ (ಹುಬ್ಬಳ್ಳಿ):
ದಾರಿ ಚಿಕ್ಕದಾದರೂ ಏರು ಕಡಿದಾಗಿರುವ, ಮೇಲೆ ನಿಂತರೆ ಸುತ್ತಲಿನ ಬಯಲು ಕಣ್ತುಂಬ ಕಾಣುವ ಗುಡ್ಡವೊಂದನ್ನು ಕಾಲೇಜು ಓದುವ ಮಗಳೊಂದಿಗೆ ಹತ್ತಬೇಕೆಂದಿದ್ದೇನೆ. ನೃಪತುಂಗ ಬೆಟ್ಟ ನಮಗೆ ನಿತ್ಯದ ವಾಯುವಿಹಾರದ ಜಾಗವಾದ್ದರಿಂದ ಅದಕ್ಕಿಂತ ತುಸು ಕಠಿಣವಾದದ್ದು ಬೇಕು. 64 ವರ್ಷದ ನಮ್ಮ ತಂದೆಯವರೂ ಜೊತೆಗೆ ಬರುವವರಿದ್ದಾರೆ. ಹತ್ತುವಾಗ ಅವರಿಗೆ ತೊಂದರೆಯಿಲ್ಲ, ಇಳಿಯುವಾಗ ಮೊಣಕಾಲು ನೋಯುತ್ತದೆ. ಯಾವ ಗುಡ್ಡ ಸೂಕ್ತ, ಯಾವಾಗ ಹೋಗಬೇಕು?

ಉತ್ತರ (ಗದಗ):
ನೀವು ಹೇಳುತ್ತಿರುವುದಕ್ಕೆ ಗಜೇಂದ್ರಗಡದ ಕೋಟೆಯೇ ಸರಿ. ಗದಗಿನಿಂದ ನರೇಗಲ್ ಮಾರ್ಗವಾಗಿ ಸುಮಾರು 55 ಕಿ.ಮೀ. ಆಗುತ್ತದೆ. 1787ರಲ್ಲಿ ಮರಾಠರಿಗೂ ಟಿಪ್ಪು ಸುಲ್ತಾನನಿಗೂ ಆದ ಒಪ್ಪಂದಕ್ಕೆ ಹೆಸರು ಕೊಟ್ಟ ಊರು ಇದು. ಊರಿಗೆ ಅಂಟಿಕೊಂಡೇ ಗುಡ್ಡ ಎದ್ದಿರುವುದರಿಂದ ನಡಿಗೆ ಹೆಚ್ಚಿಲ್ಲ, ಆದರೆ ಏರು ಉಸಿರು ಹಿಡಿಸುತ್ತದೆ. ಮೇಲೇರಿದರೆ ಕೆಳಗೆ ಊರಿನ ಮಾಳಿಗೆಗಳು, ಅದರಾಚೆ ಎರೆಹೊಲಗಳು, ದಿಗಂತದವರೆಗೆ ಸಾಲಾಗಿ ನಿಂತ ಗಾಳಿಯಂತ್ರಗಳು ಕಾಣುತ್ತವೆ. ಹಿಂಗಾರಿಯ ಜೋಳ, ಕಡಲೆ ಹಸಿರಾಗಿರುವ ದಿನಗಳಲ್ಲಿ ಈ ನೋಟಕ್ಕೆ ನಮ್ಮ ಸೀಮೆಯಲ್ಲಿ ಸಾಟಿಯಿಲ್ಲವೆಂದೇ ನನ್ನ ಅಭಿಪ್ರಾಯ. ನೆರಳು ಕಡಿಮೆ, ಬಿಸಿಲೇರಿದಂತೆ ಬಂಡೆ ಕಾಯುತ್ತದೆ. ಆದ್ದರಿಂದ ಬೆಳಗಿನ ಜಾವವೇ ಹೊರಟು, ತಲೆಗೆ ಟವೆಲ್, ಕೈಯಲ್ಲಿ ಸಾಕಷ್ಟು ನೀರು ಇಟ್ಟುಕೊಳ್ಳಿ.

ಉತ್ತರ (ಧಾರವಾಡ):
ತಂದೆಯವರ ವಿಷಯದಲ್ಲಿ ಒಂದು ಮಾತು. ಇಳಿಯುವಾಗ ಮೈಭಾರವನ್ನು ತೊಡೆಯ ಮುಂಭಾಗದ ಸ್ನಾಯುಗಳು ತಡೆದು ಹಿಡಿಯಬೇಕಾಗುವುದರಿಂದ ಮಂಡಿಚಿಪ್ಪಿನ ಮೇಲೆ ಒತ್ತಡ ಹೆಚ್ಚುತ್ತದೆ. ಕೈಗೊಂದು ಕೋಲು ಕೊಡಿ; ಪ್ರತಿ ಮೆಟ್ಟಿಲಿಗೂ ಮೊದಲು ಕೋಲು, ಆಮೇಲೆ ನೋವಿರುವ ಕಾಲು, ಕೊನೆಗೆ ಇನ್ನೊಂದು ಕಾಲು ಇಡಲಿ. ಸವೆದ ಕಲ್ಲಿನ ಮೇಲೆ ಮರಳು ಹರಡಿರುವ ಕಡೆ ಅಡ್ಡಡ್ಡವಾಗಿ ಪಾದ ಊರಿ ಇಳಿಯುವುದು ಒಳ್ಳೆಯದು. ಇಷ್ಟಾದರೂ ಧೈರ್ಯ ಸಾಲದಿದ್ದರೆ ಅವರು ಸಮೀಪದ ಕಾಲಕಾಲೇಶ್ವರ ದೇವಸ್ಥಾನದಲ್ಲಿ ಉಳಿಯಲಿ. ಅಲ್ಲಿಯೂ ಮೆಟ್ಟಿಲುಗಳಿವೆಯಾದರೂ ಬಂಡೆಯ ನೆರಳಿದೆ, ಅಂತರಗಂಗೆಯ ನೀರಿದೆ. ಮನಸ್ಸಿಗೆ ಬಹಳ ಹಿತವಾದ ಜಾಗ.

ಉತ್ತರ (ಮುಂಡರಗಿ):
ಕಪ್ಪತಗುಡ್ಡವನ್ನು ಬಿಡಬೇಡಿ, ಮುಂದಿನ ಸಲಕ್ಕೆ ಇಟ್ಟುಕೊಳ್ಳಿ. ಅದು 2019ರಿಂದ ವನ್ಯಜೀವಿಧಾಮವಾಗಿದೆ. ಅರಣ್ಯ ಇಲಾಖೆಯವರನ್ನು ಮೊದಲೇ ವಿಚಾರಿಸಿ, ಅವರು ಹೇಳಿದ ದಾರಿಯಲ್ಲೇ ನಡೆಯಬೇಕು. ಮಳೆಗಾಲದ ಕೊನೆಯಲ್ಲಿ ಹೋದರೆ ಗುಡ್ಡದ ಸಾಲೆಲ್ಲ ಹಸಿರು. ಬೇಸಿಗೆಯಲ್ಲಿ ಮಾತ್ರ ಬೇಡವೇ ಬೇಡ: ಆಳೆತ್ತರ ಬೆಳೆದು ಒಣಗಿದ ಬಾದೆಹುಲ್ಲಿಗೆ ಒಂದು ಬೀಡಿಯ ಕಿಡಿ ತಾಗಿದರೂ ಔಷಧಿ ಸಸ್ಯಗಳಿರುವ ಇಳಿಜಾರೇ ಉರಿದುಹೋಗುತ್ತದೆ. ಬೆಂಕಿಪೊಟ್ಟಣ ಯಾವ ಕಾಲದಲ್ಲೂ ಒಯ್ಯಬೇಡಿ.