ಪದ ಬೇಕಾಗಿದೆ: ಫಾಲ್ಟ್ ಟ್ರೀಯಲ್ಲಿ ಫಾಲ್ಟ್ ಮತ್ತು ಫೇಲ್ಯೂರ್

ಎಲ್ಲರಿಗೂ ನಮಸ್ಕಾರ.

ಕಂಪ್ಯೂಟರಿನಿಂದ ಫಾಲ್ಟ್ ಟ್ರೀ ಕಟ್ಟಿಸುವ ಬಗ್ಗೆ ಕನ್ನಡದಲ್ಲಿ ಒಂದು ಲೇಖನ ಬರೆಯುತ್ತಿದ್ದೇನೆ. ಎರಡು ಪದಗಳಿಗೆ ನಿಮ್ಮ ಸಹಾಯ ಬೇಕು.

ಆಗಬಾರದ ಒಂದು ಘಟನೆಯನ್ನು ಮೇಲೆ ಬರೆದುಕೊಂಡು, ‘ಇದು ಯಾವುದರಿಂದ ಆದೀತು?’ ಎಂದು ಕೇಳುತ್ತಾ, ಕಾರಣಗಳನ್ನು ಮರದ ಕೊಂಬೆಗಳಂತೆ ಬರೆದುಕೊಂಡು ಕೆಳಗಿಳಿಯುವ ವಿಧಾನವೇ ಫಾಲ್ಟ್ ಟ್ರೀ. ಕಾರಣಗಳೆಲ್ಲ ಒಟ್ಟಿಗೆ ಸೇರಿದರಷ್ಟೇ ಆಗುವಂಥದ್ದಕ್ಕೆ ಆಂಡ್ ಗೇಟ್ ಎಂಬ ಗುರುತು, ಯಾವುದಾದರೂ ಒಂದು ಸಾಕು ಅಂದರೆ ಆರ್ ಗೇಟ್. 1962ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್ ಸಂಶೋಧನಾಲಯದವರು ಮಿನಿಟ್‌ಮನ್ ಕ್ಷಿಪಣಿಗಾಗಿ ಶುರು ಮಾಡಿದ್ದು. ದೊಡ್ಡ ಸ್ಥಾವರದ ಮರವನ್ನು ಕೈಯಲ್ಲಿ ಬರೆಯುವುದು ಬಹಳ ದಿನ ಹಿಡಿಯುವ ಕೆಲಸ, ಕಣ್ತಪ್ಪೂ ಜಾಸ್ತಿ. ಹಾಗಾಗಿ 1970ರ ದಶಕದಲ್ಲೇ ಫಸೆಲ್, ಆಮೇಲೆ ಲ್ಯಾಪ್ ಮತ್ತು ಪವರ್ಸ್ ಎಂಬ ಸಂಶೋಧಕರು ಈ ಕೆಲಸವನ್ನು ಕಂಪ್ಯೂಟರಿಗೆ ವಹಿಸುವ ದಾರಿ ಹುಡುಕಿದರು.

‘ದೋಷವೃಕ್ಷ’ ಅನ್ನಬಹುದು, ಅದಕ್ಕೆ ನನ್ನ ತಕರಾರಿಲ್ಲ. ತೊಡಕಿರುವುದು ಫಾಲ್ಟ್, ಫೇಲ್ಯೂರ್ ಎರಡಕ್ಕೂ ನಾವು ‘ದೋಷ’ ಅಂದುಬಿಡುವುದರಲ್ಲಿ.

ಒಂದು ರಿಲೇ, ಅಂದರೆ ಕರೆಂಟ್ ಬಂದಾಗ ತಾನಾಗಿ ಕಾಂಟ್ಯಾಕ್ಟ್ ಕೂಡಿಸುವ ಸ್ವಿಚ್, ನೋಡಿ. ಕರೆಂಟ್ ಬಂದರೂ ಅದರ ಕಾಂಟ್ಯಾಕ್ಟ್ ಕೂಡಲಿಲ್ಲ. ಅಂದರೆ ರಿಲೇ ಕೆಟ್ಟಿದೆ. ಇದು ಫೇಲ್ಯೂರ್. ಇನ್ನೊಂದು ಸಲ ರಿಲೇ ಚೆನ್ನಾಗೇ ಇದೆ, ಆದರೆ ಬರಬಾರದ ಹೊತ್ತಿನಲ್ಲಿ ಕರೆಂಟ್ ಬಂತು, ಕಾಂಟ್ಯಾಕ್ಟ್ ಕೂಡಿತು. ರಿಲೇ ತನ್ನ ಕೆಲಸ ಸರಿಯಾಗೇ ಮಾಡಿದೆ, ಅಲ್ವಾ? ಆದರೂ ಅದು ಇರಬಾರದ ಸ್ಥಿತಿಯಲ್ಲಿದೆ. ಇದು ಫಾಲ್ಟ್ ಮಾತ್ರ. ಅಮೆರಿಕದ ಪರಮಾಣು ನಿಯಂತ್ರಣ ಆಯೋಗದ 1981ರ ಕೈಪಿಡಿಯಲ್ಲೂ ಇದೇ ಗೆರೆ ಎಳೆದಿದ್ದಾರೆ: ಫೇಲ್ಯೂರ್ ಎಲ್ಲವೂ ಫಾಲ್ಟೇ, ಆದರೆ ಫಾಲ್ಟ್ ಎಲ್ಲವೂ ಫೇಲ್ಯೂರ್ ಅಲ್ಲ.

ಮರ ಕಟ್ಟುವ ಕಂಪ್ಯೂಟರ್ ಪ್ರೋಗ್ರಾಮಿಗೆ ಈ ಗೆರೆ ತೀರಾ ಮುಖ್ಯ. ಬಿಡಿಭಾಗ ತಾನಾಗಿ ಕೆಟ್ಟಿದ್ದರೆ ಕೊಂಬೆ ಸಾಮಾನ್ಯವಾಗಿ ಅಲ್ಲಿಗೆ ಮುಗಿಯುತ್ತದೆ. ತಪ್ಪು ಆಜ್ಞೆ ಬಂದಿದ್ದರೆ ವೈರ್ ಹಿಡಿದು ಹಿಂದಕ್ಕೆ ಹೋಗಿ, ‘ಈ ಕರೆಂಟ್ ಎಲ್ಲಿಂದ ಬಂತು?’ ಎಂದು ಮತ್ತೆ ಕೇಳಬೇಕು. ಎರಡೂ ಕಡೆ ‘ದೋಷ’ ಅಂತಲೇ ಬರೆದರೆ, ಒಂದು ಕೊಂಬೆ ನಿಂತು ಇನ್ನೊಂದು ಏಕೆ ಬೆಳೆಯಿತು ಎಂಬುದು ಓದುವವರಿಗೆ ತಿಳಿಯುವುದೇ ಇಲ್ಲ.

ಫೇಲ್ಯೂರ್‌ಗೆ ‘ಕೆಡುವಿಕೆ’ ಸರಿಹೋಗುತ್ತದೆ ಎಂದು ನನಗೆ ಅನ್ನಿಸುತ್ತದೆ. ‘ವೈಫಲ್ಯ’ ಅಂದರೆ ಮಾಡಲು ಹೊರಟಿದ್ದು ಕೈಗೂಡದ ಅರ್ಥವೇ ಮುಂದೆ ಬರುತ್ತದೆ. ಯಂತ್ರ ಕೆಟ್ಟಿತು ಅಂತಲೇ ತಾನೆ ನಾವು ಹೇಳುವುದು? ಫಾಲ್ಟ್‌ಗೆ ‘ತಪ್ಪುಸ್ಥಿತಿ’ ಎಂದು ಸದ್ಯಕ್ಕೆ ಬರೆದಿದ್ದೇನೆ. ‘ದೋಷ’ ಅಂದರೆ ಚೆನ್ನಾಗಿರುವ ರಿಲೇಯಲ್ಲೇ ಏನೋ ಕೊರತೆ ಇದೆ ಅನ್ನಿಸುತ್ತದೆ, ಅದಕ್ಕೇ ಹಿಂಜರಿಕೆ.

‘ತಪ್ಪುಸ್ಥಿತಿ’ ನಿಮಗೆ ಒಪ್ಪಿಗೆಯೇ? ಕಾರ್ಖಾನೆಯಲ್ಲೋ ವಿದ್ಯುತ್ ಕೆಲಸದಲ್ಲೋ ಇರುವವರು ಇಂಥ ಸ್ಥಿತಿಗೆ ಬೇರೆ ಮಾತು ಬಳಸುತ್ತಿದ್ದರೆ ದಯವಿಟ್ಟು ಬಳಕೆಯ ವಾಕ್ಯದ ಸಮೇತ ತಿಳಿಸಿ.